ಎಲ್ಲರಿಗೂ ಒಂದೇ ಕೋಲೆ?

ನಮ್ಮ ಸಂಘದ ಬ್ಯಾಡ್ಮಿಂಟನ್ ಪಂದ್ಯದಲ್ಲಿ ಈ ಸಲ ಅಂಕಣದ ಪಕ್ಕ ಒಂದು ಕೋಲು ನೆಟ್ಟಿದ್ದರು. 1.15 ಮೀಟರಿಗೆ ಕೆಂಪು ಗುರುತು. ಸರ್ವಿಸ್ ಹೊಡೆಯುವಾಗ ಶಟಲ್ ಅದಕ್ಕಿಂತ ಕೆಳಗಿರಬೇಕು. ಒಂಬತ್ತು ವರ್ಷದ ಪೋರನೊಬ್ಬ ಕತ್ತಿನ ಮಟ್ಟದಿಂದ, ಬಲೆಯನ್ನು ಸವರಿಕೊಂಡು ಹೋಗುವಂತೆ ಹೊಡೆದ. ಕೋಲಿನ ಪ್ರಕಾರ ಸರಿ! ಆರಡಿ ದಾಟಿದ ಕಾಲೇಜು ಹುಡುಗ ಸೊಂಟ ಬಗ್ಗಿಸಿಯೂ ಎರಡು ಪಾಯಿಂಟ್ ಕಳೆದುಕೊಂಡ. ವಿಚಾರಿಸಿದರೆ, "ಅಂತರರಾಷ್ಟ್ರೀಯ ನಿಯಮ ಸ್ವಾಮಿ" ಎಂಬ ಉತ್ತರ.

ನಿಯಮವೇನೋ ನಿಜ. ಹಿಂದೆ ಶಟಲ್ ಆಟಗಾರನ ಸೊಂಟಕ್ಕಿಂತ, ಅಂದರೆ ಕೊನೆಯ ಪಕ್ಕೆಲುಬಿನ ಮಟ್ಟಕ್ಕಿಂತ, ಕೆಳಗಿರಬೇಕಿತ್ತು. 2018ರಲ್ಲಿ ಈ ಕೋಲು ಬಂತು. ಅಂಗಿಯೊಳಗಿನ ಪಕ್ಕೆಲುಬು ತೀರ್ಪುಗಾರನಿಗೆ ಕಾಣದು ಎಂಬುದು ವಾದ. ಒಪ್ಪಿದೆವು. ಆದರೆ 1.94 ಮೀಟರ್ ಎತ್ತರದ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್‌ಗೂ ಅದೇ ಗುರುತು, ಅವರ ಹೆಗಲಿಗೂ ಬಾರದವರಿಗೂ ಅದೇ ಗುರುತು! ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದು ಸೊಂಟದ ಕಾಲದಲ್ಲಿ. ಆಗ ಆಟ ಕೆಟ್ಟಿತ್ತೇ?

ಅಮೆರಿಕದವರ ಬೇಸ್‌ಬಾಲ್ ನೋಡಿ. ಚೆಂಡು ದಾಂಡಿಗನ ಮುಂದಿನ 'ಸ್ಟ್ರೈಕ್ ಝೋನ್' ಎಂಬ ಕಾಣದ ಚೌಕಟ್ಟನ್ನು ಹಾಯಬೇಕು. ಅದರ ಅಗಲ ಎಲ್ಲರಿಗೂ 17 ಅಂಗುಲ. ಎತ್ತರ ಮಾತ್ರ ಅವರವರ ಮೈಯಳತೆ: ಮಂಡಿಚಿಪ್ಪಿನ ಕೆಳಗಿನಿಂದ, ಹೆಗಲಿಗೂ ಪ್ಯಾಂಟಿನ ಅಂಚಿಗೂ ನಡುಮಧ್ಯದವರೆಗೆ. 1951ರಲ್ಲಿ ಸೇಂಟ್ ಲೂಯಿ ತಂಡವೊಂದು ಮೂರಡಿ ಏಳು ಅಂಗುಲದ ಎಡ್ಡಿ ಗೇಡೆಲ್‌ನನ್ನು ಆಡಿಸಿತು. ಬೌಲರನ ನಾಲ್ಕು ಚೆಂಡೂ ಅವನ ಪುಟ್ಟ ಚೌಕಟ್ಟಿನ ಹೊರಗೇ ಹೋದವು! ಲೀಗಿನವರು ಗೇಡೆಲ್‌ನನ್ನು ಹೊರಗೆ ಹಾಕಿದರು (ಅದು ಬೇರೆ ಅನ್ಯಾಯ). ಎಲ್ಲರಿಗೂ ಒಂದೇ ಎತ್ತರದ ಚೌಕಟ್ಟು ಮಾಡಲಿಲ್ಲ. 2026ರಲ್ಲಿ ಅಂಪೈರನ ತೀರ್ಪನ್ನು ಪ್ರಶ್ನಿಸಿದರೆ ಕ್ಯಾಮರಾ ನೋಡುವ ಏರ್ಪಾಡು ಬಂತು. ಅಲ್ಲಿಯೂ ಚೌಕಟ್ಟಿನ ಮೇಲಂಚು ಆಟಗಾರನ ಎತ್ತರದ ಶೇಕಡಾ 53.5, ಕೆಳಗಂಚು ಶೇಕಡಾ 27. ಯಂತ್ರ ಬಂದರೂ ಮೈಯಳತೆ ಹೋಗಲಿಲ್ಲ. ಕಣ್ಣಿಗೆ ಕಾಣದೆಂಬ ನೆಪ ಅಲ್ಲಿಗೆ ಮುಗಿಯಿತಲ್ಲ?

ನಾವು ಗುಮಾಸ್ತರು, ಲೆಕ್ಕ ನಮಗೆ ಬರುತ್ತದೆ. 1.15 ಮೀಟರ್ ಎಂದರೆ ಐದಡಿ ಎಂಟಂಗುಲದವನ ಎತ್ತರದ ಮೂರರಲ್ಲಿ ಎರಡು ಪಾಲು. ಅದೇ ಪಾಲನ್ನು ಎಲ್ಲರಿಗೂ ಹಚ್ಚಿದರೆ 1.35 ಮೀಟರಿನ ಹುಡುಗನಿಗೆ 90 ಸೆಂಟಿಮೀಟರ್, ಆಕ್ಸೆಲ್ಸನ್‌ಗೆ 1.29 ಮೀಟರ್. ಹೆಸರು ನೋಂದಾಯಿಸುವಾಗಲೇ ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಂಡರಾಯಿತು, ಕೋಲಿನ ಗುರುತು ಮೇಲೆ ಕೆಳಗೆ ಸರಿಯುವಂತಿದ್ದರಾಯಿತು.

1870ರ ದಶಕದಲ್ಲಿ ಇದೇ ಪುಣೆಯ ದಂಡಿನ ಇಂಗ್ಲಿಷ್ ಅಧಿಕಾರಿಗಳು ಈ ಆಟಕ್ಕೆ ನಿಯಮ ಬರೆದರು; ಆಟಕ್ಕೆ 'ಪೂನಾ' ಎಂದೇ ಹೆಸರಿತ್ತು. ಊರ ಮಕ್ಕಳ ಪಂದ್ಯಕ್ಕೆ ಒಂದು ಸಾಲು ತಿದ್ದಿಕೊಳ್ಳಲು ನಮಗೆ ಯಾರ ಅಪ್ಪಣೆ ಬೇಕು? ಮುಂದಿನ ಸಭೆಯಲ್ಲಿ ಈ ಠರಾವನ್ನು ನಾವೇ ಮಂಡಿಸುತ್ತೇವೆ. ಅಳತೆಪಟ್ಟಿಯೂ ನಮ್ಮದೇ.