ಚಿತ್ರಕ್ಕೊಂದು ಗೋಡೆ

ಕಳೆದ ತಿಂಗಳು ಸುರಪುರದ ಗೃಹಸ್ಥರೊಬ್ಬರು ನಮ್ಮನ್ನು ತಮ್ಮ ಮನೆಗೆ ಕರೆಯಿಸಿಕೊಂಡಿದ್ದರು. ಹಳೆಯ ಮಾಳಿಗೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವ ಸಿದ್ಧತೆ ನಡೆದಿತ್ತು. ದೇವರ ಕೋಣೆಯಿಂದ ಹೊರಗೆ ತಂದ ಪಟವೊಂದನ್ನು ಅವರ ವೃದ್ಧ ತಾಯಿಯವರು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅದು ವೇಣುಗೋಪಾಲನ ಪಟ. ದೀಪದ ಹೊಗೆಯಿಂದ ಬಣ್ಣವೆಲ್ಲ ಕಪ್ಪಿಟ್ಟಿದ್ದರೂ ಕಿರೀಟದಲ್ಲಿಯೂ ಕಂಠಾಭರಣದಲ್ಲಿಯೂ ಉಬ್ಬಿಸಿ ಹಚ್ಚಿದ ಬಂಗಾರದ ರೇಕು ಇನ್ನೂ ಮಿನುಗುತ್ತಿತ್ತು. ಕೆಳಗಿನ ಮೂಲೆಯನ್ನು ಗೆದ್ದಲು ತಿಂದು ಗೋವೊಂದರ ಮುಖವು ಹೋಗಿದ್ದಿತು.

“ಗುರುಗಳೆ, ಭಿನ್ನಾದ ದೇವರು ಮನ್ಯಾಗ ಇರಬಾರದಂತಾರ. ತಿಂಥಣಿಗೆ ಒಯ್ದು ಕೃಷ್ಣಿಗೆ ಬಿಡಬೇಕೇನ್ರಿ?” ಎಂದು ಆ ತಾಯಿಯವರು ಕೇಳಿದರು.

ವಾಚಕರೇ, ಈ ಪ್ರಶ್ನೆಯನ್ನು ನಾವು ಮೊದಲ ಸಲ ಕೇಳಿದ್ದಲ್ಲ. ಶಾಲೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಹಾಪುರದ ಒಂದು ಮನೆಯವರು ಇಂಥದೇ ಪಟವನ್ನು ತೋರಿಸಿ ಇದನ್ನೇ ಕೇಳಿದ್ದರು. ಸಂಸ್ಕೃತವನ್ನೋದಿದ ಹಮ್ಮು ಆಗ ನಮಗೆ ಹೊಸದು. ಭಿನ್ನವಾದುದನ್ನು ನೀರಿಗೆ ಬಿಡತಕ್ಕದ್ದೆಂದು ಎರಡನೆಯ ವಿಚಾರವಿಲ್ಲದೆ ಅಪ್ಪಣೆ ಕೊಟ್ಟೆವು. ಅವರು ಹಾಗೆಯೇ ಮಾಡಿದರು. ಆ ಮನೆಯ ಹುಡುಗನು ನಮ್ಮ ತರಗತಿಯವನು. ಪ್ರತಿದಿನವೂ ಆ ಪಟದ ಮುಂದೆ ಕುಳಿತು ಅದರ ನವಿಲನ್ನು ಪಾಟಿಯ ಮೇಲೆ ಬರೆಯುತ್ತಿದ್ದನು. ಮರುದಿನ ಶಾಲೆಗೆ ಬಂದವನು ನಮ್ಮನ್ನು ಏನೂ ಕೇಳಲಿಲ್ಲ. ನವಿಲನ್ನು ಮತ್ತೆ ಬರೆಯಲೂ ಇಲ್ಲ. ಆ ಮೌನವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ನಾವು ಅಂದು ನೀರಿಗೆ ಬಿಡಿಸಿದ್ದೇನೆಂಬುದು ತಿಳಿದದ್ದು ಎಷ್ಟೋ ವರ್ಷಗಳ ತರುವಾಯ. ಸುರಪುರದ ನಾಯಕ ಅರಸರು ವೇಣುಗೋಪಾಲನ ಭಕ್ತರು. ಅವರ ಆಶ್ರಯದಲ್ಲಿ ಒಂದು ಚಿತ್ರಸಂಪ್ರದಾಯವೇ ಬೆಳೆಯಿತು. ದಖ್ಖನಿನ ಚಿತ್ರಗಳನ್ನು ವಿವೇಚಿಸುವ ವಿದ್ವಾಂಸರು ‘ಶೋರಾಪುರ’ದ ಚಿತ್ರಗಳೆಂದು ಕರೆಯುವದು ಇವನ್ನೇ. ಸೂಕ್ಷ್ಮವಾದ ಗೆರೆ, ಗಾಢವಾದ ವರ್ಣ, ಆಭರಣಗಳಲ್ಲಿ ಬಂಗಾರದ ಕೆಲಸ, ಇವು ಅದರ ಗುರುತು. ಗರುಡಾದ್ರಿ ಮನೆತನದ ಚಿತ್ರಗಾರರ ಹೆಸರು ಈ ಪರಂಪರೆಯೊಡನೆ ಬೆಸೆದುಕೊಂಡಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಎದ್ದು ಅದೇ ವರ್ಷ ಮಡಿದರು. ಬಳಿಕ ಸಂಸ್ಥಾನವು ನಿಜಾಮರ ಆಳಿಕೆಗೆ ಸೇರಿತು. ಅರಸುಮನೆಯ ಆಶ್ರಯ ತಪ್ಪಿದ ಮೇಲೆ ಚಿತ್ರಗಳಿಗೆ ಉಳಿದದ್ದು ಗೃಹಸ್ಥರ ದೇವರ ಕೋಣೆಯೊಂದೇ. ನಮ್ಮ ಕಾಲದಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿಯವರು ಈ ಶೈಲಿಯನ್ನು ಮರಳಿ ಕೈಗೆತ್ತಿಕೊಂಡರು. ಆದರೆ ಹೊಸಬರು ಕಲಿಯಬೇಕಾದರೆ ಹಳೆಯವು ಕಣ್ಣಿಗೆ ಬೀಳಬೇಕಷ್ಟೆ!

ಇನ್ನು ಶಾಸ್ತ್ರದ ಮಾತು. ಬಿಂಬಕ್ಕೆ ಭಂಗವಾದರೆ ಅಲ್ಲಿಯ ಸಾನ್ನಿಧ್ಯವನ್ನು ಕುಂಭಕ್ಕೆ ಆಕರ್ಷಿಸಿ ಜೀರ್ಣೋದ್ಧಾರ ಮಾಡುವ ವಿಧಿಯನ್ನು ಆಗಮಗಳು ಹೇಳುತ್ತವೆ. ಮನೆಯ ನಿತ್ಯಪೂಜೆಯಲ್ಲಿಯೂ ಆವಾಹನವಿದ್ದಂತೆ ಉದ್ವಾಸನವೂ ಇದೆ. ದೇವರನ್ನು ಬೀಳ್ಕೊಟ್ಟ ಬಳಿಕ ಉಳಿಯುವದು ಮನುಷ್ಯನ ಕೈಗೆಲಸ. ಅದನ್ನು ನೀರಿಗೆ ಹಾಕಲೇಬೇಕೆಂಬ ನಿರ್ಬಂಧವಿಲ್ಲವೆಂದು ನಮ್ಮ ಈಗಿನ ಎಣಿಕೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಚಿತ್ರವನ್ನು ಕಲೆಗಳಲ್ಲಿ ಮೇಲಾದುದೆಂದು ಎಣಿಸುತ್ತದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋಡೆಯನ್ನು ನುಣುಪುಗೊಳಿಸುವ ಬಗೆ, ಎಮ್ಮೆಯ ತೊಗಲಿನಿಂದ ವಜ್ರಲೇಪವೆಂಬ ಅಂಟನ್ನು ಕುದಿಸುವ ಬಗೆ, ಕುಂಚದ ಲಕ್ಷಣ, ಎಲ್ಲವನ್ನೂ ಹೇಳಿದ್ದಾನೆ. ಅರಸನು ಇಷ್ಟು ಆದರದಿಂದ ಕಂಡ ವಿದ್ಯೆಯನ್ನು ನಾವು ಹೊಳೆಗೆ ಬಿಡುವದು ಉಚಿತವೇ?

ಚಿತ್ರಶಾಲೆಯೆಂಬುದು ಪರದೇಶದಿಂದ ಬಂದುದಲ್ಲ. ಕಾಳಿದಾಸನ ಅಗ್ನಿಮಿತ್ರನು ಮಾಲವಿಕೆಯ ರೂಪವನ್ನು ಮೊದಲು ಕಂಡದ್ದು ಚಿತ್ರಶಾಲೆಯಲ್ಲಿ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕಕ್ಕೆ ಚಿತ್ರದರ್ಶನವೆಂದೇ ಹೆಸರು. ಸೀತಾರಾಮರು ತಮ್ಮ ವನವಾಸದ ಚಿತ್ರಗಳನ್ನು ನೋಡುತ್ತ ಕಳೆದ ದುಃಖವನ್ನು ಮತ್ತೆ ಅನುಭವಿಸುವರು. ಆದರೆ ಅವು ಅರಮನೆಯ ಚಿತ್ರಶಾಲೆಗಳು. ಎಲ್ಲರಿಗೂ ಬಾಗಿಲು ತೆರೆದ ಚಿತ್ರಶಾಲೆಯನ್ನು ಚಿಕ್ಕ ಊರಿನಲ್ಲಿಯೂ ಕಟ್ಟಬಹುದೆಂದು ತೋರಿಸಿದವರು ನೆರೆಯ ಮಹಾರಾಷ್ಟ್ರದ ಔಂಧದ ಅರಸರು. ಸ್ವತಃ ಚಿತ್ರಗಾರರಾದ ಅವರು 1938ರಲ್ಲಿ ಊರ ಗುಡ್ಡದ ಮೇಲೆ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು; ಅದು ಇಂದಿಗೂ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆಯನ್ನು ನಡೆಯಿಸಿ ಬೀದಿಯನ್ನೇ ಚಿತ್ರಶಾಲೆ ಮಾಡಿದೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಿಗೆ ಅರಮನೆಯೂ ಬೇಡ, ಗುಡ್ಡವೂ ಬೇಡ. ಲಗ್ನ ಮುಂಜಿಗಳಿಗೆ ಕೊಡುವ ಸಮುದಾಯ ಭವನದಲ್ಲಿ ಬಿಸಿಲೂ ಮಳೆಯ ತೇವವೂ ತಾಗದ ಒಂದು ಗೋಡೆ ಸಾಕು. ಒಂದು ಭಾಗದಲ್ಲಿ ಮನೆಮನೆಗಳಿಂದ ಎರವಲು ತಂದ ಹಳೆಯ ಪಟಗಳು. ಇನ್ನೊಂದು ಭಾಗದಲ್ಲಿ ಇಂದಿನವರ ಕೆಲಸ. ಫ್ಲೆಕ್ಸು ಬಂದಂದಿನಿಂದ ಕೈಗೆ ಕೆಲಸವಿಲ್ಲದ ಫಲಕ ಬರೆಯುವವರು, ಶಾಲೆಗಳ ಚಿತ್ರಕಲಾ ಶಿಕ್ಷಕರು, ಕೌದಿ ಹೊಲಿಯುವ ಅವ್ವಂದಿರು, ತಾಂಡಾಗಳಲ್ಲಿ ಕನ್ನಡಿ ಕವಡೆಗಳ ಕಸೂತಿ ಹಾಕುವ ಲಂಬಾಣಿ ತಾಯಂದಿರು, ಇವರೆಲ್ಲರಿಗೂ ಅಲ್ಲಿ ಸ್ಥಳವಿರಬೇಕು. ಬಲ್ಲವರು ಗೆರೆಯನ್ನೂ, ಸ್ತ್ರೀಯರು ಆಭರಣವನ್ನೂ, ಉಳಿದ ಜನರು ಬಣ್ಣವನ್ನೂ ಮೆಚ್ಚುವರೆಂದು ಚಿತ್ರಸೂತ್ರವು ಹೇಳುತ್ತದೆ. ಎಂದರೆ ಪ್ರತಿಯೊಬ್ಬ ನೋಟಕನಿಗೂ ಅಲ್ಲಿ ಏನಾದರೊಂದು ದೊರೆಯುವದು. ಪ್ರತಿಯೊಂದರ ಕೆಳಗೆ ಮಾಡಿದವರ ಹೆಸರು, ಊರು, ವರ್ಷ ಬರೆಯತಕ್ಕದ್ದು. ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲೆಯೊಂದರಲ್ಲಿ ‘ರಾಯೊ ಅಸೋಕೊ’ ಎಂದು ಅರಸನ ಹೆಸರನ್ನು ಕೊರೆದಿರುವದರಿಂದಲೇ ಅದು ಅಶೋಕನ ರೂಪವೆಂದು ಇಂದು ನಿಸ್ಸಂದೇಹವಾಗಿ ಹೇಳಬಹುದಾಗಿದೆ. ಎರಡಕ್ಷರ ಬರೆದಿಡುವದರ ಬೆಲೆ ಅಷ್ಟು.

ಗೋಡೆ ಸಿದ್ಧವಾಗುವವರೆಗೆ ಗೃಹಿಣಿಯರು ಇಷ್ಟನ್ನು ಪಾಲಿಸಲಿ. ಹಳೆಯ ಪಟವನ್ನು ಒದ್ದೆ ಬಟ್ಟೆಯಿಂದ ಒರಸಬಾರದು; ಹೊಳಪು ಬರಲೆಂದು ಎಣ್ಣೆ ಸವರಬಾರದು. ಕೆಳಗೆ ದೀಪವನ್ನೂ ಊದಿನಕಡ್ಡಿಯನ್ನೂ ಹಚ್ಚಬಾರದು. ಸ್ವಚ್ಛವಾದ ಅರಿವೆಯಲ್ಲಿ ಸುತ್ತಿ ತೇವದ ಗೋಡೆಯಿಂದ ದೂರವಿಡಬೇಕು. ಮುಂದಿನ ಮೈಯಂತೆ ಹಿಂದಿನ ಮೈಯ ಛಾಯಾಚಿತ್ರವನ್ನೂ ತೆಗೆದಿಡಬೇಕು. ಬರೆದವರ ಹೆಸರು ಅಲ್ಲಿರಬಹುದು. ಮನೆ ಬಾಗಿಲಿಗೆ ಬಂದು ಬೆಲೆ ಕೇಳುವವರ ಕೈಗೆ, ಬಲ್ಲವರಿಗೆ ತೋರಿಸದೆ, ಕೊಡಬಾರದು.

ಸುರಪುರದ ಆ ತಾಯಿಯವರಿಗೆ ಇದನ್ನೆಲ್ಲ ಸಾವಕಾಶವಾಗಿ ತಿಳಿಸಿದೆವು. ಶಹಾಪುರದ ನಮ್ಮ ತಪ್ಪನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಪಟವನ್ನು ನೋಡಿ, “ಊರ ಮಂದಿ ನೋಡೂದಾದರ ಕೊಡೂಣ್ರಿ. ಆದರ ಗೋಕುಲಾಷ್ಟಮಿಗೆ ಮನಿಗೆ ಕಳಸ್ತಾರೇನ್ರಿ?” ಎಂದರು.

ಕಳಿಸಲೇಬೇಕು. ಎರವಲು ಕೊಟ್ಟವರ ಹಬ್ಬಕ್ಕೆ ಅವರ ದೇವರು ಅವರ ಮನೆಯಲ್ಲಿರಬೇಕೆಂಬುದನ್ನು ರಸೀದಿಯಲ್ಲಿ ಮೊದಲನೆಯ ನಿಯಮವಾಗಿ ಬರೆಯಲು ಊರ ಹಿರಿಯರನ್ನು ಕೇಳಿಕೊಳ್ಳುವೆವು. ಪಟವು ಸದ್ಯ ಅವರಲ್ಲಿಯೇ, ಹಳೆಯ ಧೋತರದ ಅರಿವೆಯಲ್ಲಿ ಸುತ್ತಿಕೊಂಡು, ಪೆಟ್ಟಿಗೆಯಲ್ಲಿದೆ. ಇನ್ನು ಬೇಕಾದದ್ದು ಗೋಡೆ.