ಬಲಕ್ಕೂ ಒಂದು ಅಳತೆಯುಂಟು

ಧನಬಲ, ಜನಬಲ, ತೋಳ್ಬಲ, ದೈವಬಲ – ಕಲಾ ವಿಭಾಗದವರಾದ ನಮ್ಮ ಉತ್ತರಪತ್ರಿಕೆಗಳಲ್ಲಿ ಬಲಕ್ಕೆ ಬಡತನವಿಲ್ಲ. ಆದರೆ ಬಲವನ್ನು ಯಾವ ಮಾನದಿಂದ ಅಳೆಯುತ್ತಾರೆಂದು ಕೇಳಿದರೆ, "ಅದು ವಿಜ್ಞಾನದವರ ಪಾಠ" ಎಂದು ಜಾರಿಕೊಳ್ಳುತ್ತೇವೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಇದು ತರವಲ್ಲವೆಂಬುದು ನನ್ನ ಅಭಿಮತ.

ಒಂದು ಕಿಲೋಗ್ರಾಂ ದ್ರವ್ಯರಾಶಿಯ ವೇಗವನ್ನು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿಸುವ ಬಲವೇ ಒಂದು ನ್ಯೂಟನ್. 1948ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಒಪ್ಪಿದ ಹೆಸರಿದು. ಪ್ರೌಢಶಾಲೆಯಲ್ಲಿ ಇದು ಬಾಯಿಪಾಠವಾಯಿತೇ ಹೊರತು ಕೈಗೆ ಹತ್ತಲಿಲ್ಲ. ನೂರು ಗ್ರಾಮಿನ ಒಂದು ಈರುಳ್ಳಿಯನ್ನು ಅಂಗೈಮೇಲೆ ಇಟ್ಟುಕೊಳ್ಳಿ. ಅದು ಕೆಳಕ್ಕೆ ಒತ್ತುವ ಬಲ ಹೆಚ್ಚುಕಡಿಮೆ ಒಂದು ನ್ಯೂಟನ್. (ಕಥೆಯ ಸೇಬು ನಮ್ಮ ಸೀಮೆಯ ಬೆಳೆಯಲ್ಲ, ಈರುಳ್ಳಿಯೇ ಸಾಕು.) 50 ಕಿಲೋ ಚೀಲವನ್ನು ಭೂಮಿ ಎಳೆಯುವುದು ಸುಮಾರು 490 ನ್ಯೂಟನ್ ಬಲದಿಂದ. ಅದೇ ಚೀಲ ಚಂದ್ರನ ಮೇಲೆಯೂ 50 ಕಿಲೋ ದ್ರವ್ಯವೇ. ಎಳೆತ ಮಾತ್ರ ಆರರಲ್ಲೊಂದು ಪಾಲು.

ಇನ್ನು ಹಿರಿಯೂರಿನ ಬಳಿಯ ಮಾರಿಕಣಿವೆಗೆ ಹೋಗೋಣ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಚಾಚಿದೆ. ಅಷ್ಟೂ ನೀರಿನ ಭಾರ ಕಟ್ಟೆಯ ಮೇಲಿದೆಯೆಂದು ನೋಡಿದವರು ಬೆರಗಾಗುತ್ತಾರೆ. ನಿಜಸಂಗತಿ ಬೇರೆ. ನೀರು ಗೋಡೆಯನ್ನು ತಳ್ಳುವುದು ತನ್ನ ಆಳದ ಲೆಕ್ಕದಲ್ಲಿ, ಹರಹಿನ ಲೆಕ್ಕದಲ್ಲಲ್ಲ. 130 ಅಡಿ ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 3.88 ಲಕ್ಷ ನ್ಯೂಟನ್, ಎಂದರೆ ನಮ್ಮ ಈರುಳ್ಳಿಯ 790 ಚೀಲಗಳ ಒತ್ತಡ! ಹಿನ್ನೀರು ಒಂದು ಮೈಲಿಯಿದ್ದರೂ ಹತ್ತು ಮೈಲಿಯಿದ್ದರೂ ಇದು ಅಷ್ಟೇ. ಕಲ್ಲುಕಟ್ಟಡವು ಮುಖ್ಯವಾಗಿ ತನ್ನ ಭಾರದಿಂದಲೇ ಇದನ್ನು ತಡೆದು ನಿಂತಿದೆ. ಓಬವ್ವನ ಒನಕೆಯ ಪೆಟ್ಟಿನ ಲೆಕ್ಕವನ್ನು ವಿಜ್ಞಾನದ ಗೆಳೆಯರಿಗೇ ಬಿಟ್ಟಿದ್ದೇನೆ.

ವ್ಯಾಪಾರಕ್ಕೆ ಕಿಲೋಗ್ರಾಂ ಸಾಲದೆ, ನ್ಯೂಟನ್ನಿನ ಗೊಡವೆಯೇಕೆ ಎಂದು ಕೇಳುವವರುಂಟು. ವ್ಯಾಪಾರ ಕಿಲೋದಲ್ಲಿಯೇ ನಡೆಯಲಿ. ಆದರೆ ಹೊಸದುರ್ಗದ ಕೊಬ್ಬರಿಯನ್ನೋ ಹೊಳಲ್ಕೆರೆಯ ಅಡಕೆಯನ್ನೋ ತೂಗುವಾಗ ನಡೆಯುವುದೇನು? ಹಳೆಯ ತಕ್ಕಡಿಯಲ್ಲಿ ಒಂದು ತಟ್ಟೆಗೆ ಸರಕು, ಇನ್ನೊಂದಕ್ಕೆ ಕಲ್ಲು. ರಾಶಿಗೆ ರಾಶಿಯೇ ಸಾಕ್ಷಿ, ಓದುಬಾರದ ರೈತನಿಗೂ ಮುಳ್ಳು ಕಾಣುತ್ತಿತ್ತು. ಇಂದಿನ ಎಲೆಕ್ಟ್ರಾನಿಕ್ ತಕ್ಕಡಿಯು ರಾಶಿಯನ್ನು ನೋಡುವುದೇ ಇಲ್ಲ. ಒಳಗಿನ ಲೋಹದ ತುಂಡೊಂದು ಬಲಕ್ಕೆ ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗನ್ನು ಯಂತ್ರವು ಕಿಲೋ ಎಂದು ಬರೆದು ತೋರಿಸುತ್ತದೆ. ಅಳೆದದ್ದು ಬಲ, ಬರೆದದ್ದು ರಾಶಿ. ನಡುವಣ ಹೊಂದಾಣಿಕೆ ಕೆಟ್ಟರೆ, ತಕ್ಕಡಿ ಸಮತಟ್ಟಾಗಿ ನಿಲ್ಲದಿದ್ದರೆ, ಹೊಳೆಯುವ ಅಂಕಿ ಸುಳ್ಳು ಹೇಳುತ್ತದೆ. ಆ ಅಂಕಿಯನ್ನು ದೇವವಾಕ್ಯವೆಂದು ನಂಬಿ ಹಣ ಎಣಿಸಿಕೊಂಡು ಬರುವವರು ನಮ್ಮ ತಂದೆತಾಯಿಗಳೇ. ಮನೆಗೆ ಬಂದ ಚೀಟಿಯನ್ನು ಓದಿ ಹೇಳುವವರು ನಾವು. ಓದಿ ಹೇಳುವುದಷ್ಟೇ ನಮ್ಮ ಕೆಲಸವೆ?

ನಮ್ಮ ಗ್ರಂಥಾಲಯದ ಬಾಗಿಲಲ್ಲಿ ನ್ಯೂಟನ್ ಗುರುತುಗಳುಳ್ಳ ಒಂದು ಸ್ಪ್ರಿಂಗ್ ತಕ್ಕಡಿಯನ್ನು ತೂಗುಹಾಕಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಗೆಳೆಯರಲ್ಲಿ ಇನ್ನೊಂದು: ಈ ಸುಗ್ಗಿಯಲ್ಲಿ ಮಾಲು ತೂಗಿಸಲು ಹೋದಾಗ, ಖಾಲಿ ತಕ್ಕಡಿ ಸೊನ್ನೆ ತೋರಿಸುವುದೇ ಎಂದು ನೋಡಿ, ಆಮೇಲೆ ಸರಕಾರದ ಮುದ್ರೆಯಿರುವ 20 ಕಿಲೋ ಕಲ್ಲೊಂದನ್ನು ಇಡಿಸಿ, ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ.