ನಿಲ್ಲಿಸುವುದೂ ಒಂದು ವಿದ್ಯೆ

ಯಂತ್ರವನ್ನು ನಡೆಯಿಸಬಲ್ಲವನನ್ನು ಲೋಕವು ಜಾಣನೆಂದು ಹೊಗಳುತ್ತದೆ. ಅದನ್ನು ಸರಿಯಾಗಿ ನಿಲ್ಲಿಸಬಲ್ಲವನನ್ನು ಯಾರೂ ಕೇಳುವುದಿಲ್ಲ. ಕಾಲೇಜುಗಳ ಕಂಪ್ಯೂಟರ್ ಕೊಠಡಿಗಳ ಮಟ್ಟಿಗಾದರೂ ಈ ಎರಡನೆಯ ವಿದ್ಯೆಯೇ ಹೆಚ್ಚು ಅವಶ್ಯವೆಂದು ನನ್ನ ಅಭಿಪ್ರಾಯ.

‘ಪ್ರಾಕ್ಸಿ’ ಎಂದೊಡನೆ ಸಹಪಾಠಿಗಳಿಗೆ ನೆನಪಾಗುವುದು ಹಾಜರಿಯ ಪ್ರಾಕ್ಸಿ! ಕಂಪ್ಯೂಟರಿನ ಪ್ರಾಕ್ಸಿಯೂ ಹೆಚ್ಚುಕಡಮೆ ಅದೇ ಜಾತಿಯದು. ಕೊಠಡಿಯ ಎಲ್ಲ ಕಂಪ್ಯೂಟರುಗಳ ಪರವಾಗಿ ಹೊರಗಿನ ಜಾಲತಾಣಗಳೊಡನೆ ವ್ಯವಹರಿಸುವ ತಂತ್ರಾಂಶವದು. ‘ಸ್ಕ್ವಿಡ್’ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಅದು ತೆರೆಯ ಮರೆಯಲ್ಲಿ ದುಡಿಯುವುದರಿಂದ, ನಿಲ್ಲಿಸುವವನಿಗೆ ಅದನ್ನು ನಂಬಿ ಕುಳಿತವರು ಕಾಣುವುದಿಲ್ಲ.

ಲಿನಕ್ಸ್ ವ್ಯವಸ್ಥೆಯಲ್ಲಿ ನಿಲ್ಲಿಸಲು ಎರಡು ಮುಖ್ಯ ಸಂಜ್ಞೆಗಳುಂಟು. 15ನೆಯದು ವಿನಂತಿ, 9ನೆಯದು ಶಿರಚ್ಛೇದ. 15 ಬಂದರೆ ಸ್ಕ್ವಿಡ್ ಹೊಸಬರನ್ನು ಒಳಗೆ ಬಿಡದೆ, ಒಳಗಿರುವವರ ಕೆಲಸ ಮುಗಿಯಲೆಂದು ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಬಳಿಕ ತನ್ನ ದಾಖಲೆಗಳನ್ನು ಬರೆದಿಟ್ಟು ಹೊರಡುತ್ತದೆ. 9ಕ್ಕೆ ಆ ಅವಕಾಶವೇ ಇಲ್ಲ. ಹಲಸೂರಿನ ಹೋಟೆಲಿನವರು ‘ಊಟ ಮುಗಿದಿದೆ’ ಎಂದು ಹಲಗೆ ತೂಗುಹಾಕಿದ ಮೇಲೂ ಎಲೆಯ ಮುಂದೆ ಕುಳಿತವರಿಗೆ ಮಜ್ಜಿಗೆಯವರೆಗೆ ಬಡಿಸುತ್ತಾರಲ್ಲವೆ? 15ರ ಧರ್ಮ ಅದೇ.

ಕೆ.ಆರ್. ಪುರದಿಂದ ಎರಡು ಬಸ್ಸು ಹತ್ತಿ ಬಂದ ವಿದ್ಯಾರ್ಥಿನಿಯೊಬ್ಬಳು ಕಡೆಯ ದಿನದಂದು ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಸೇರಿಸುತ್ತಿರುವಾಗ 9 ಪ್ರಯೋಗವಾದರೆ ಅವಳ ಗತಿಯೇನು? ಮೊಬೈಲಿದೆಯಲ್ಲ ಎನ್ನಬಹುದು. ಅಂಗೈಯಗಲದ ತೆರೆಯಲ್ಲಿ ಎಲ್ಲ ಅರ್ಜಿಗಳೂ ಸಲೀಸಾಗಿ ತುಂಬಲಾರವು. ನನ್ನಂತೆ ಮನೆತನದಲ್ಲೇ ಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಈ ಕೊಠಡಿಯೇ ಆಧಾರ.

ಕೆಟ್ಟು ಕುಳಿತ ತಂತ್ರಾಂಶಕ್ಕೆ ವಿನಂತಿ ಕೇಳಿಸೀತೇ ಎಂದು ಕೆಲವರು ಆಕ್ಷೇಪಿಸುವರು. ನಿಜ, ಆಗ 9ನ್ನು ಬಳಸಲೇಬೇಕು. ಆದರೆ ಲಿನಕ್ಸಿನ ‘ಸಿಸ್ಟಮ್‌ಡಿ’ ಎಂಬ ಮೇಲ್ವಿಚಾರಕನೂ ಸಾಮಾನ್ಯವಾಗಿ ಮೊದಲು 15 ಕಳುಹಿಸಿ, 90 ಸೆಕೆಂಡು ಕಾದ ಮೇಲೆಯೇ 9ಕ್ಕೆ ಕೈಹಾಕುತ್ತದೆ. ಯಂತ್ರಕ್ಕಿರುವ ತಾಳ್ಮೆ ಮನುಷ್ಯನಿಗೇಕಿರಬಾರದು? ಇನ್ನೊಂದು ಎಚ್ಚರಿಕೆಯೂ ಬೇಕು. ನಡೆಯುವ ಪ್ರತಿಯೊಂದು ತಂತ್ರಾಂಶಕ್ಕೂ ಒಂದು ಸಂಖ್ಯೆಯಿರುತ್ತದೆ. ಅದು ನಿಂತ ಮೇಲೆ ಅದೇ ಸಂಖ್ಯೆ ಬೇರೊಂದಕ್ಕೆ ಸಲ್ಲಬಹುದು. ಆದುದರಿಂದ ಹೆಸರನ್ನೂ ನೋಡಿಯೇ ಸಂಜ್ಞೆ ಕೊಡಬೇಕು.

ನಮ್ಮ ಕಾಲೇಜಿನಲ್ಲಿ ಒಂದು ನಿಯಮವಾಗಲಿ: ನಿಲ್ಲಿಸುವ 10 ನಿಮಿಷ ಮೊದಲು ಕೊಠಡಿಯಲ್ಲಿ ಕೂಗಿ ಹೇಳುವುದು, ಕಾಯುವ ಅವಧಿಗಳನ್ನು 5 ನಿಮಿಷಕ್ಕೆ ಏರಿಸುವುದು, ಮೊದಲು 15, ಅನಿವಾರ್ಯವಾದರೆ ಮಾತ್ರ 9. ಇದಕ್ಕೆ ಕಾಸಿನ ಖರ್ಚಿಲ್ಲ. ಅಧ್ಯಾಪಕರು ಇದನ್ನು ಒಂದು ಹಾಳೆಯಲ್ಲಿ ಬರೆಸಿ ಕೊಠಡಿಯ ಬಾಗಿಲಿಗೆ ಅಂಟಿಸುವರೆಂದು ನಂಬಿದ್ದೇನೆ.